ಕಾಯುವುದು

ಬೀಗ ಮುಟ್ಟಿದರೆ ಬೆರಳ ತೊಗಲು ಅಂಟುವ ಚಳಿ.
ಗ್ಯುಮ್ರಿಗೆ ಇನ್ನೂ ಬೆಳಗಾಗಿಲ್ಲ.
ಹ್ರಿಪ್ಸಿಮೆ ತನ್ನ ಹಳೇ ನೀವಾ ಕಾರು ತಂದಳು,
ಹಿಂದಿನ ಸೀಟಲ್ಲಿ ಬಟ್ಟೆ ಸುತ್ತಿದ ಲವಾಶ್ ರೊಟ್ಟಿ.

"ತಣ್ಣಗಿದ್ದಾಗ ಕುದುರೆ, ಉಸ್ತಾ.
ಬಿಸಿಯೇರಿತೋ, ಸೇತುವೆ ಹತ್ತಿರ ತಟ್ಟನೆ ನಿಲ್ಲುತ್ತೆ.
ಕೆಮ್ಮಿಲ್ಲ, ನಡುಕವಿಲ್ಲ.
ಅರ್ಧ ಗಂಟೆ ಬಿಟ್ಟರೆ
ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತೆ."

ಒಬ್ಬ ಪಂಪು ಬದಲಿಸಿದ್ದ, ಒಬ್ಬ ಕಾರ್ಬುರೇಟರು ತೊಳೆದಿದ್ದ,
ಮೂರನೆಯವನು ಮಾರಿಬಿಡು ಅಂದಿದ್ದನಂತೆ.

ನಾನು ಒಂದು ಬೋಲ್ಟೂ ಬಿಚ್ಚಲಿಲ್ಲ.
ಬಾನೆಟ್ಟೆತ್ತಿ, ಎಂಜಿನ್ ಓಡಲು ಬಿಟ್ಟು,
ಅವಳಿಗೊಂದು ಸ್ಟೂಲು ಎಳೆದೆ.
ಅದೂ ಕಾಯಬೇಕು.
ನಾವೂ ಕಾಯಬೇಕು.

ಕಾಫಿ ಎರಡು ಸಲ ಉಕ್ಕಿತು.
ಅವಳು ಅಪ್ಪನ ತೋನಿರ್ ಒಲೆಯ ಪಾಲಿನ ಜಗಳ ತೆಗೆದಳು,
ದನಿ ಏರಿತು, ಕೆನ್ನೆ ಕೆಂಪಾಯಿತು,
ತಂಗಿಯ ಹೆಸರಿಗೆ ಬಂದು
ನಿಂತಳು.
ಆ ಮೌನದಲ್ಲಿ ಗೊತ್ತಾಯಿತು,
ಎಂಜಿನ್ ಆಗಲೇ ನಿಂತಿದೆ.

ಓಡಿದೆ. ಪೆಟ್ರೋಲಿನ ವಾಸನೆ ಇದೆ, ಕಿಡಿ ಇಲ್ಲ.
ಕಾಯಿಲ್ ಮುಟ್ಟಿದರೆ ಕೈ ಸುಡುತ್ತೆ.
ಬಾಗಿಲಾಚೆಯಿಂದ ಒಂದು ಹಿಡಿ ಹಿಮ ತಂದು
ಚಿಂದಿಯಲ್ಲಿ ಕಟ್ಟಿ ಅದರ ನೆತ್ತಿಗಿಟ್ಟೆ,
ಜ್ವರದ ಮಗುವಿಗೆ ಇಡುವಂತೆ.
ಐದು ನಿಮಿಷ. ನೀಲಿ ಕಿಡಿ, ಚಟಚಟ.

"ಒಳಗೆ ಕೂದಲೆಳೆಯ ತಂತಿ ಬಿರುಕು ಬಿಟ್ಟಿದೆ," ಅಂದೆ,
"ಕಾದಾಗ ಕೈಬಿಡುತ್ತೆ, ತಣಿದಾಗ ಹಿಡಿಯುತ್ತೆ."
ಅವಳು ನನ್ನನ್ನೇ ನೋಡಿದಳು.
ನಾನು ಕಾಯಿಲ್ ಬಗ್ಗೆ ಹೇಳಿದ್ದು.

ಹೊಸದು ಕೂರಿಸಿದೆ. ಕೂಲಿಗೆ ಆರು ಲವಾಶ್.
ಸೇತುವೆ ದಾಟಿದ ಸದ್ದು ಕೇಳಿತು.
ಆಮೇಲೆ ಎಡಕ್ಕೆ ಹೊರಳಿತೋ ಬಲಕ್ಕೋ,
ಶೆಡ್ಡಿಗೆ ಕೇಳುವುದಿಲ್ಲ.