ಎರಡನೇ ತೂತು

ಕಾಲೊನಿ ಮೈದಾನದ ಹುಲ್ಲು ಕತ್ತರಿಸೋ ಗಾಡಿ
ದೇವಸುಗೂರಿನ ನನ್ನ ಅಂಗಡಿಗೆ ಬಂದದ್ದು
ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂತು,
ದೊಡ್ಡ ಮನುಷ್ಯರ ಹಂಗ.
ಮೈತುಂಬ ಬೂದಿ.
ಇಲ್ಲಿ ಯಾವುದಕ್ಕಿಲ್ಲ ಬೂದಿ?
ಚಹಾದ ಕೆನೆಗೆ, ಹಿಂಡಿ ಹರವಿದ ಅಂಗಿಗೆ,
ಕೂಸಿನ ಹುಬ್ಬಿಗೆ.
ಚಿಮಣಿ ಯಾರನ್ನೂ ಬಿಟ್ಟಿಲ್ಲ.

ಹಳೇ ಇಂಜಿನ್ನಿನ ಪಿಸ್ಟನ್ ಕಚ್ಚಿತ್ತು.
ಹೊಸದು ಅಂತ ಕಾಂಟ್ರಾಕ್ಟರು ತಂದದ್ದು
ಹೈದರಾಬಾದಿನ ಗುಜರಿಯದು.
ನಾಲ್ಕು ಬೋಲ್ಟಿನಲ್ಲಿ ಮೂರು ಕೂತವು,
ನಾಲ್ಕನೆಯದಕ್ಕೆ ಪಟ್ಟಿ ಬೆಸೆದೆ.
ನಮ್ಮಪ್ಪ ಬಂಡಿಗಾಲಿಗೆ ಹಳಿ ಏರಿಸುತ್ತಿದ್ದ,
ಕಬ್ಬಿಣ ನನ್ನ ಮಾತು ಕೇಳ್ತದ.
ವಾಯರ್ ಕೇಳಂಗಿಲ್ಲ.
ಉಗುಳು ಹಚ್ಚಿ ಒರೆಸಿದ ಮೇಲೇ ಗೊತ್ತಾಗೋದು
ಯಾವುದು ಕೆಂಪು, ಯಾವುದು ಹಸಿರು.

ಗಾಡಿ ಓಡಿಸಾಕಿ ಸುಂಕಮ್ಮ.
ಮೊದಲು ಹನ್ನೊಂದು ಮಂದಿ ಕುಡುಗೋಲು ಹಿಡಿದು
ಸಾಲಾಗಿ ಕೂತು ಕೊಯ್ಯುತ್ತಿದ್ದ ಹುಲ್ಲು ಅದು.
ಗಾಡಿ ಬಂದಮೇಲೆ ಈಕೆ ಒಬ್ಬಳೇ.
ನಿನ್ನನ್ನೇ ಯಾಕ ಇಟ್ಕೊಂಡ್ರು, ಕೇಳಿದೆ.
"ನನಗ ಸೈಕಲ್ ಬರ್ತಿತ್ತು," ಅಂದಳು,
ಅಷ್ಟೇ.

ಹಗ್ಗ ಎಳೆದೆ. ಉರೀತು.
ಸೆರಗು ಸಿಕ್ಕಿಸಿ ಸೀಟಿಗೆ ಹತ್ತಿದಳು. ಆರಿತು.
ಇಳಿದಳು, ಎಳೆದೆ, ಉರೀತು.
ಹತ್ತಿದಳು, ಆರಿತು.
ನನ್ನ ಹುಡುಗ ಲಾಲೇಸಾಬ ಹತ್ತಿದ, ಆರಿತು.
ಸಿಮೆಂಟ್ ಚೀಲ ಹೊತ್ತು ತಂದು ಇಟ್ಟೆವು,
ಅದಕ್ಕೂ ಆರಿತು.
"ಸದ್ಯ," ಅಂದಳು, "ನನ್ನೊಬ್ಬಾಕಿ ಮ್ಯಾಲ ಸಿಟ್ಟಿಲ್ಲ ಇದಕ್ಕ."

ಸೀಟಿನ ಅಡಿಗೊಂದು ಸ್ವಿಚ್ಚು ಇರ್ತದ,
ಬಿದ್ದವರ ಮೇಲೆ ಗಾಡಿ ಹಾಯಬಾರದು ಅಂತ.
ಹಳೇ ಇಂಜಿನ್ನಿಗೆ ಬ್ಯಾಟರಿಯ ಕರೆಂಟು ಮುಟ್ಟಿದರೆ ಕಿಡಿ.
ಇದು ತನ್ನ ಕಿಡಿ ತಾನೇ ಹುಟ್ಟಿಸಿಕೊಳ್ಳೋ ಜಾತಿ,
ವಾಯರ್ ಮೈಗೆ ತಾಗಿದರೆ ಸಾಯ್ತದ.
ಅದೇ ಸ್ವಿಚ್ಚು, ಅವೇ ಎರಡು ಎಳೆ,
ಹೇಳೋ ಮಾತು ಮಾತ್ರ ತಿರುವುಮುರುವು.
ಮುರಿದ ಕಾರಿನ ಐದು ಪಿನ್ನಿನ ರಿಲೇ ಕಿತ್ತು ತಂದು
ನಡುವೆ ಕೂರಿಸಿದೆ,
ಇವರ ಹೌದನ್ನು ಅವರಿಗೆ ಇಲ್ಲ ಅಂತ ಮುಟ್ಟಿಸೋ ದಲಾಲಿ.
ಟಕ್ ಅಂತು.
ಸುಂಕಮ್ಮ ಕೂತಳು. ಇಂಜಿನ್ನು ಗುಡುಗುತ್ತಲೇ ಇತ್ತು.

ಎಂಟು ನಿಮಿಷ.

ಆಮೇಲೆ ಮುದುಕನ ಹಂಗ ಕೆಮ್ಮಿ ನಿಂತಿತು.
ಕಾರ್ಬೊರೇಟರ್ ಬಿಚ್ಚಿದೆ. ಬ್ರೇಕ್ ಕೇಬಲಿನ ಒಂದೆಳೆ ತೂರಿಸಿ
ಜೆಟ್ ಊದಿದೆ. ಫಿಲ್ಟರ್ ಬದಲಿಸಿದೆ, ಪೈಪು ಬದಲಿಸಿದೆ.
ಎಂಟು ನಿಮಿಷ.
ಪೆಟ್ರೋಲು ಚೆಲ್ಲಿ ಹೊಸದು ಹಾಕಿದೆ.
ಎಂಟು ನಿಮಿಷ.
ಕಾಂಟ್ರಾಕ್ಟರನ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಅಂಗಡಿ ಮುಂದಿನ ಕಲ್ಲಿನ ಮೇಲೆ ಬುತ್ತಿ ಬಿಚ್ಚಿದ್ದ ಸುಂಕಮ್ಮ
ರೊಟ್ಟಿ ಮುರಿಯುತ್ತ ಅಂದಳು:
"ನಿಂತಾಗ ನಾ ಮುಚ್ಚಳ ತೆಗೆದು ನೋಡ್ತೀನಿ.
ಉಸ್ ಅಂತದ. ಆಮ್ಯಾಲ ಚಾಲೂ ಆಗ್ತದ.
ಎಣ್ಣಿ ಡಬ್ಬಿಗೆ ಎರಡು ತೂತು ಹೊಡಿತೀವಲ್ಲ ಮೌನೇಶಣ್ಣ,
ಒಂದು ಎಣ್ಣಿಗೆ, ಒಂದು ಗಾಳಿಗೆ.
ಇದರ ಎರಡನೇದು ಎಲ್ಲದ?"

ಮುಚ್ಚಳ ಬೋರಲು ಹಾಕಿದೆ.
ಇತ್ತು, ಸಾಸಿವೆಯಷ್ಟು ತೂತು,
ಪೆಟ್ರೋಲು ಕುಡಿದು ಗಟ್ಟಿಯಾದ ಬೂದಿ ಅದರ ಬಾಯಿಗೆ.
ಎರಡು ದಿನ ಕಿಡಿ ಹುಡುಕಿದೆ, ಎಣ್ಣೆ ಹುಡುಕಿದೆ,
ಗಾಳಿಯನ್ನು ಕೇಳಲೇ ಇಲ್ಲ.
ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ
ಆಕೆಯೇ ಚುಚ್ಚಿದಳು,
ಚುಚ್ಚಿ, ಸೆರಗಿಗೆ ಒರೆಸಿ, ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು.

ಸಂಜೆತನಕ ಮೈದಾನ ಸುತ್ತಿದಳು.
ಗಾಡಿ ಹೋದಲ್ಲೆಲ್ಲ ಹುಲ್ಲಿನಿಂದ ಬೂದಿ ಏಳೋದು,
ಹಿಂದೆ ಹಸಿರು ಪಟ್ಟಿ ಬೀಳೋದು.
ಗೇಟಿನ ಹತ್ತಿರ ನಿಂತು ನೋಡಿದೆ.
ಮಜೂರಿಯಲ್ಲಿ ನೂರು ರೂಪಾಯಿ ಕೊಡಹೋದೆ,
"ಪಿನ್ನಿಗೆ ನೂರಾ?" ಅಂತ ನಕ್ಕಳು,
ಆದರೆ ಇಸಕೊಂಡಳು.

ಒಂದು ನೀಲಿ ವಾಯರ್ ಉಳಿದಿದೆ.
ಎಲ್ಲಿಂದ ಬಂತೋ, ಯಾರಿಗೆ ಏನು ಹೇಳಬೇಕಿತ್ತೋ
ಇನ್ನೂ ಗೊತ್ತಾಗಿಲ್ಲ.
ತುದಿಗೆ ಟೇಪು ಸುತ್ತಿ
ಸೀಟಿನ ಹಿಂದೆ ಕಟ್ಟಿದ್ದೀನಿ.