ನಡಾವಳಿಗೆ ಸೇರದ್ದು

ಗ್ರಿಮ್ಸ್‌ಬಿ, ಮಂಗಳವಾರ, ಎರಡನೇ ಮಹಡಿ.
ಕಿಟಕಿಯಾಚೆ ಹಡಗಿಲ್ಲದ ಹಡಗುಕಟ್ಟೆ.
ನಡಾವಳಿ ಬರೆಯುವುದು ನನ್ನ ಕೆಲಸ:
ಬಂದವರು, ಬಾರದವರು, ಠರಾವು, ಮುಂದಿನ ತಾರೀಖು.

ವಿಷಯ ನಾಲ್ಕು: ‘ಕುಟುಂಬದ ಅನುಭವ. ಹತ್ತು ನಿಮಿಷ.’

ಲೊರೇನ್ ಥ್ರೋವರ್ ಎದ್ದು ನಿಂತಳು,
ನಿಲ್ಲಬೇಕಿಲ್ಲ ಎಂದರು, ಕೂತಳು,
ಕೂತರೆ ಮಾತು ಬರುವುದಿಲ್ಲವೆಂದು ಮತ್ತೆ ಎದ್ದಳು.
ನಿಂಬೆಹುಳಿ ಹಚ್ಚಿ ತೊಳೆದರೂ ಬಿಡದ
ಹ್ಯಾಡಕ್ ಮೀನಿನ ವಾಸನೆ ಕೈಗೆ;
ಇಪ್ಪತ್ತೆರಡು ವರ್ಷ ಮಂಜುಗಡ್ಡೆಯ ಮೇಜಿನ ಮುಂದೆ
ನಿಂತೇ ದುಡಿದವಳು.

ಮೊದಲಿಗೆ ಮಗಳ ಮಾತೇ ಎತ್ತಲಿಲ್ಲ.
ಕಾರು ನಿಲ್ಲಿಸುವ ಚೀಟಿಯ ಮಾತು.
‘ಆ ರಾತ್ರಿ ನಾಲ್ಕು ಪೌಂಡ್ ಎಂಬತ್ತು.
ಹುಡುಗಿಯನ್ನು ಒಳಗೆ ಕರೆದುಕೊಂಡರು. ಬಾಗಿಲು ಹಾಕಿಕೊಂಡಿತು.
ಬೂಟಿನ ದಾರ, ಕೊರಳ ಸ್ಕಾರ್ಫು, ಫೋನಿನ ಚಾರ್ಜರು
ಒಂದು ಚೀಲದಲ್ಲಿ ನನ್ನ ಕೈಗೆ ಬಂದವು.
ಮನೆಗೆ ಹೋಗಿ ಅಂತ ಯಾರೂ ಅನ್ನಲಿಲ್ಲ.
ಇಲ್ಲೇ ಇರಿ ಅಂತಲೂ ಅನ್ನಲಿಲ್ಲ.
ಗಾಜು ಪೂರ್ತಿ ಮಬ್ಬಾಗುವ ತನಕ
ಕಾರಿನಲ್ಲೇ ಕೂತಿದ್ದೆ, ಚೀಲ ತೊಡೆಯ ಮೇಲೆ.
ಹದಿನೈದು ವರ್ಷದ ಹಿಂದೆ ಇದೇ ಆಸ್ಪತ್ರೆಯಿಂದ
ಅವಳನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗಿದ್ದೆ.’

(ನಡಾವಳಿ: ವಾಹನ ನಿಲುಗಡೆ ಶುಲ್ಕದ ಬಗ್ಗೆ ಕಳವಳ ವ್ಯಕ್ತವಾಯಿತು.)

ಆಮೇಲೆ ಕಾಗದ. ‘ಏಳು ದಿನದೊಳಗೆ ಉತ್ತರಿಸದಿದ್ದಲ್ಲಿ
ಹೆಸರು ತೆಗೆದುಹಾಕಲಾಗುವುದು.’
ತಲುಪಿದ್ದು ಒಂಬತ್ತನೇ ದಿನ.

ಆಮೇಲೆ ಕಿರಿಯವ, ಆರು ವರ್ಷದ ಜೋನಾ.
ಅಕ್ಕನ ಚಹಾ ಬಟ್ಟಲು ಒಡೆದದ್ದು ಅವನೇ, ಹಿಂದಿನ ದಿನ.
ಅದಕ್ಕೇ ಅವಳನ್ನು ಕೂಡಿಹಾಕಿದರು ಎಂದುಕೊಂಡು
ಹನ್ನೊಂದು ವಾರ ಯಾರಿಗೂ ಹೇಳದೆ
ಚೂರುಗಳನ್ನು ಕಾಲುಚೀಲದಲ್ಲಿ ಕಟ್ಟಿ ಹಾಸಿಗೆಯಡಿ ಇಟ್ಟಿದ್ದ.
‘ಅವನನ್ನು ಕೇಳಬೇಕೆಂದು ನಿಮಗೂ ಹೊಳೆಯಲಿಲ್ಲ.
ನನಗೂ ಹೊಳೆಯಲಿಲ್ಲ.’

ಡಾಕ್ಟರ್ ಒಕೆರೆಕೆ ಪೆನ್ನು ಕೆಳಗಿಟ್ಟರು.
ಹಣಕಾಸಿನವರು ಗಡಿಯಾರ ನೋಡಿದರು.
ನನ್ನ ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಂತವು.
(ನನಗೂ ಒಬ್ಬ ಅಣ್ಣನಿದ್ದ. ಅದು ವಿಷಯಪಟ್ಟಿಯಲ್ಲಿ ಇರಲಿಲ್ಲ.)

ಯಾರೋ ಕೇಳಿದರು, ನಯವಾಗಿಯೇ:
ಅಂಕಿಅಂಶ ನಮ್ಮಲ್ಲಿದೆ, ಸಮೀಕ್ಷೆಯೂ ಆಗಿದೆ,
ಇದರಿಂದ ಹೊಸದಾಗಿ ತಿಳಿಯುವುದೇನು?

ಲೊರೇನ್ ತೋರುಬೆರಳನ್ನು ಮೇಜಿನ ಮೇಲೆ ಎಳೆದಳು,
ಮೆಲ್ಲಗೆ, ತಲೆಯಿಂದ ಬಾಲದ ಕಡೆಗೆ.
‘ದೊಡ್ಡ ಮುಳ್ಳು ಚಾಕುವಿಗೆ ಸಿಗುತ್ತೆ.
ಸಣ್ಣದು ದೀಪ ಹಿಡಿದರೂ ಕಾಣೋಲ್ಲ.
ಬೆರಳಾಡಿಸಬೇಕು. ಚುಚ್ಚುತ್ತೆ.
ಚುಚ್ಚಿದ ಕಡೆ ಇದೆ ಅಂತ ಅರ್ಥ.’

ಬೆಂಚು ಬರಲು ಎಂಟು ತಿಂಗಳು ಹಿಡಿಯಿತು.
ಬಣ್ಣದ ಚರ್ಚೆಗೇ ಮೂರು ಸಭೆ.
ಹಸಿರೆಂದು ತೀರ್ಮಾನವಾಗಿ ಬೂದು ಬಂತು,
ನೆಲಕ್ಕೆ ಬೋಲ್ಟು ಬಿಗಿದದ್ದು, ಕೂತರೆ ಕೊರೆಯುತ್ತದೆ.
ಮರುದಿನ ಬೆಳಿಗ್ಗೆ ಮನೆಗಳಿಗೆ ಫೋನು ಮಾಡಲು
ಒಬ್ಬರ ನೇಮಕ, ಸದ್ಯಕ್ಕೆ ಅರೆಕಾಲಿಕ.
ಪುಟ್ಟ ತಮ್ಮತಂಗಿಯರ ಸಂಗತಿ
ಮುಂದಿನ ಸಭೆಗೆ ಮುಂದೂಡಿದೆ, ನಾಲ್ಕನೇ ಸಲ.
ಪ್ರತಿ ಸಲವೂ ಅವಳು ಅದನ್ನು ಮತ್ತೆ ಎತ್ತುತ್ತಾಳೆ.
ಕೆರಿಸ್ ಹೇಗಿದ್ದಾಳೆ ಎಂದರೆ
‘ಇವತ್ತು ಚೆನ್ನಾಗಿದ್ದಾಳೆ’ ಎನ್ನುತ್ತಾಳೆ,
‘ಇವತ್ತು’ ಎಂಬುದನ್ನು ಒಮ್ಮೆಯೂ ಬಿಡದೆ.

ಕಳೆದ ವಾರ ಕಡತ ಹಿಡಿದು ಕೆಳಗಿಳಿದಾಗ ಕಂಡೆ:
ಬೆಂಚಿನ ಈ ತುದಿಗೆ ಅವಳು, ಆ ತುದಿಗೆ
ಕೆಲಸದ ಬಟ್ಟೆಯಲ್ಲೇ ಓಡಿಬಂದ ಯಾರದೋ ತಂದೆ,
ತೊಡೆಯ ಮೇಲೆ ಚೀಲ.
ಎಲ್ಲ ಸರಿಹೋಗುತ್ತೆ ಎಂದು ಅವಳು ಹೇಳಲಿಲ್ಲ.
‘ನಾಳೆ ಬರುವಾಗ ದಾರವಿಲ್ಲದ ಬೂಟು ತನ್ನಿ,’ ಅಂದಳು.
‘ಚಹಾ ಯಂತ್ರ ದುಡ್ಡು ನುಂಗುತ್ತೆ, ಎಡಗಡೆ ಗುದ್ದಿ.
ಮನೇಲಿ ಇನ್ನೂ ಚಿಕ್ಕವರು ಇದ್ದಾರಾ?’