ಎರಡನೆಯ ಪೊಟ್ಟಣ

ದಾನ್ಯೂಬಿನ ದಂಡೆ, ರೂಸೆ ಪಟ್ಟಣ, ಉದ್ಯಾನದ ಮೂಡಣ ಬಾಗಿಲು.
ಹತ್ತೊಂಬತ್ತು ವರ್ಷದಿಂದ ಇಲ್ಲೇ ನನ್ನ ಕೈಗಾಡಿ.
ಹುರಿದ ಸೂರ್ಯಕಾಂತಿ ಬೀಜ, ಉಪ್ಪು ಹಾಕಿದ್ದು, ಹಾಕದ್ದು.
ನೂರು ಗ್ರಾಮಿನಲ್ಲಿ ಅರ್ಧ ತಿರುಳು, ಅರ್ಧ ಸಿಪ್ಪೆ:
ಅರ್ಧ ಅವರ ಹೊಟ್ಟೆಗೆ, ಅರ್ಧ ಡೋಚ್ಕಾಳ ಪೊರಕೆಗೆ.
ಈ ಲೆಕ್ಕ ಬಹಳ ದಿನ ನನಗೆ ಹೊಳೆದಿರಲಿಲ್ಲ.

ಬೀಜ ಒಡೆಯುವುದು ನಮ್ಮೂರಲ್ಲಿ ಉಸಿರಾಡಿದ ಹಾಗೆ.
ಹಲ್ಲಿನ ಸಂದಿಗೊಂದು, ಕಟ್, ನಾಲಿಗೆ ತಿರುಳನ್ನು ಒಳಗೆಳೆದು
ಸಿಪ್ಪೆಯನ್ನು ತುಟಿಯಂಚಿಗೆ ತಳ್ಳುತ್ತದೆ, ತುಟಿ ಊದುತ್ತದೆ.
ಮನಸ್ಸಿಗೆ ಗೊತ್ತೇ ಇಲ್ಲ.
ಚದುರಂಗದ ಮೇಜಿನಲ್ಲಿ ಎನ್ಚೊ ಒಂದು ಆನೆ ನಡೆಸುವಷ್ಟರಲ್ಲಿ
ಅವನ ಬೂಟಿನ ಸುತ್ತ ಕಪ್ಪು ಬಿಳಿ ಇನ್ನೊಂದು ಮಣೆ.

ಡೋಚ್ಕಾ ಬೆಳಗ್ಗೆ ಐದೂವರೆಗೆ ಬರುತ್ತಾಳೆ.
ಎಲೆಯಾದರೆ ಪೊರಕೆಗೆ ಸಿಗುತ್ತದೆ, ಬಾಟಲಿಯಾದರೆ ಕೈಗೆ.
ಸಿಪ್ಪೆ ಹಾಗಲ್ಲ. ಕಲ್ಲಿನ ಸಂದಿಯಲ್ಲಿ ಮಲಗುತ್ತದೆ,
ಮಳೆ ಬಂದರೆ ಅಂಟುತ್ತದೆ, ಗಾಳಿ ಬಂದರೆ
ಗುಡಿಸಿದ ಕಡೆಗೇ ಮರಳುತ್ತದೆ.
ತೌಡು ಕುಟ್ಟುವವರಿಗಾದರೂ ಒಂದು ಒರಳಿರುತ್ತದೆ;
ಇವಳಿಗೆ ಅದೂ ಇಲ್ಲ.

ನಗರಸಭೆ ಫಲಕ ನೆಟ್ಟಿತು: ಸಿಪ್ಪೆ ಉಗುಳಿದರೆ ದಂಡ.
ಫಲಕದ ಬುಡದಲ್ಲಿ ನೆರಳಿತ್ತು. ಜನ ಅಲ್ಲೇ ಕೂತು ಓದಿದರು,
ಬೀಜ ಒಡೆಯುತ್ತ.

ಒಂದು ದಿನ ಆಕೆ ನನ್ನ ಗಾಡಿಯ ಮುಂದೆ ಬಂದು
ಮಾತಿಲ್ಲದೆ, ಮೊರದಲ್ಲಿದ್ದುದನ್ನು ತಕ್ಕಡಿಗೆ ಸುರಿದಳು.
ಮುಳ್ಳು ನೋಡಿ, ಸ್ವೆತಾನ್. ಎಷ್ಟು ಬಂತು?
ಎಂಟುನೂರು ಗ್ರಾಂ. ಬಾಗಿಲಿನಿಂದ ಕಾರಂಜಿಯವರೆಗೆ, ಅಷ್ಟೇ.
ನೀವು ಮಾರಿದ್ದು. ವಾಪಸು ತಗೊಳ್ಳಿ.

ನನಗೆ ಸಿಟ್ಟು ಬಂತು. ತಕ್ಕಡಿ ಒರೆಸಿದೆ, ಎರಡು ಸಲ.
ಉಗುಳಿದವನು ನಾನೇ? ಎಂದೆ. ಆಕೆ ಆಗಲೇ ಹೋಗಿದ್ದಳು.
ಪ್ರಶ್ನೆ ಮಾತ್ರ ತಟ್ಟೆಯಲ್ಲಿ ಉಳಿಯಿತು.

ಆ ರಾತ್ರಿ ಮಗಳ ಹಳೆಯ ಲೆಕ್ಕದ ಪುಸ್ತಕ ಹರಿದು
ಪೊಟ್ಟಣ ಕಟ್ಟುವಾಗ, ಕೈತಪ್ಪಿಯೋ ತಿಳಿದೋ,
ಒಂದರ ಹೊರಗೆ ಇನ್ನೊಂದು ಕಟ್ಟಿದೆ.
ಇದೇನು? ಅಂದರು ಮರುದಿನ. ಸಿಪ್ಪೆಗೆ, ಅಂದೆ.
ಇದಕ್ಕೆಷ್ಟು? ಬಿಟ್ಟಿ.
ಬಿಟ್ಟಿ ಅಂದದ್ದೇ ತಪ್ಪಾಯಿತು:
ಸಂಜೆಗೆ ಸಿಪ್ಪೆಯ ಜೊತೆ ಪೊಟ್ಟಣವೂ ನೆಲದ ಮೇಲೆ.
ಡೋಚ್ಕಾ ನನ್ನ ಮಗಳ ಭಾಗಾಕಾರಗಳನ್ನು ಗುಡಿಸಿದಳು,
ಶೇಷ ಸಮೇತ.

ಹಾಗಾಗಿ ಬೆಲೆ ಇಟ್ಟೆ. ಸಿಪ್ಪೆ ತುಂಬಿದ ಪೊಟ್ಟಣ ತಂದವರಿಗೆ
ಮೇಲೊಂದು ಹಿಡಿ ಬೀಜ.
ಮೊದಲು ಬಂದವರು ಮಕ್ಕಳು, ತಮ್ಮದಲ್ಲದ್ದನ್ನೂ ಹೆಕ್ಕಿ,
ಬೆಂಚಿನಡಿ ಮಂಡಿಯೂರಿ, ಮೂಗಿಗೆಲ್ಲ ಧೂಳು.
ಒಬ್ಬ ಪೋರ ಮಣ್ಣು ತುಂಬಿ, ಮೇಲಷ್ಟೇ ಸಿಪ್ಪೆ ಹರಡಿ ತಂದ.
ಕೊಟ್ಟೆ. ಮಣ್ಣೂ ಅಲ್ಲಿಯದೇ ತಾನೆ.
ಎನ್ಚೊ ಬಂದದ್ದು ಒಂಬತ್ತನೆಯ ದಿನ. ಮುಖ ಬೇರೆ ಕಡೆ ಮಾಡಿ
ಹಳೆಯ ಸಾಲ ತೀರಿಸುವವನ ಹಾಗೆ ಪೊಟ್ಟಣ ಇಟ್ಟ.
ಹಿಡಿ ಬೀಜ ಬೇಡವೆಂದ.

ನಷ್ಟ? ಇದೆ. ಹೆಂಡತಿ ಬರೆದಿಟ್ಟಿದ್ದಾಳೆ.
ಉದ್ಯಾನವೇನೂ ಕನ್ನಡಿಯಾಗಿಲ್ಲ. ಕಾರಂಜಿಯ ಆಚೆಗೆ
ಭಾನುವಾರದ ಗುಂಪು ಇನ್ನೂ ಉಗುಳುತ್ತದೆ,
ಅಲ್ಲಿಯವರೆಗೆ ನನ್ನ ಗಾಡಿಯೂ ಹೋಗುವುದಿಲ್ಲ, ಧೈರ್ಯವೂ.

ಆದರೆ ನಿನ್ನೆ ಡೋಚ್ಕಾ ಮತ್ತೆ ತಕ್ಕಡಿಗೆ ಸುರಿದಳು.
ಮುಳ್ಳು ಮುನ್ನೂರ ಹತ್ತರಲ್ಲಿ ನಡುಗಿ ನಿಂತಿತು.
ಇಬ್ಬರೂ ಬಗ್ಗಿ ನೋಡಿದೆವು.
ಆಕೆ ಮೊರ ಕೆಳಗಿಟ್ಟು, ಐವತ್ತು ಗ್ರಾಂ ಕೊಡಿ ಎಂದಳು,
ಉಪ್ಪು ಹಾಕದ್ದು.
ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.
ಕಟ್ಟಿಕೊಟ್ಟೆ. ಎರಡನೆಯ ಪೊಟ್ಟಣ ಬೇಡ ಎಂದಳು,
ಏಪ್ರನ್ನಿನ ಜೇಬು ತೋರಿಸಿ.